ತಾವು ಸುಧಾರಿಸಿದ್ದೇಕೆ? ಕುಟ್ಟದ ವಾಲ್ವ್ ಆಂಪ್ಲಿಫೈಯರ್ ಅವರಿಗೆ ಒಂದು ದೂರು

ಗೆ,
ಶ್ರೀಯುತ ಗಿಟಾರ್ ಆಂಪ್ಲಿಫೈಯರ್ ಅವರು,
ಅಕ್ಕಿ ಡ್ರಮ್ಮಿನ ಪಕ್ಕ, ನಮ್ಮ ಮನೆ, ಕುಟ್ಟ.

ವಿಷಯ: ಕಕ್ಕಬೆಯ ಮದುವೆಯಲ್ಲಿ ತಾವು ಅನಗತ್ಯವಾಗಿ ಚೆನ್ನಾಗಿ ಕೆಲಸ ಮಾಡಿದ ಬಗ್ಗೆ.

ಮಾನ್ಯರೇ,

ತಮ್ಮ ನಾಲ್ಕು ನಾಬ್‌ಗಳಿಗೂ, ಒಳಗೆ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳಿಗೂ, ಹಿಂಬದಿಯ ಹಲಗೆಯಲ್ಲಿ ಸಂಸಾರ ಹೂಡಿರುವ ಜೇಡಕ್ಕೂ ನನ್ನ ಅನಂತ ನಮಸ್ಕಾರಗಳು. ಇಂದು ಬೆಳಿಗ್ಗೆ ಸ್ವಿಚ್ ಹಾಕಿದಾಗ ಎಂದಿನಂತೆ ಗುಂಯ್ ಎಂದಿದ್ದರಿಂದ ತಾವು ಕ್ಷೇಮವೆಂದೇ ತಿಳಿದಿದ್ದೇನೆ. ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ತಮ್ಮನ್ನು ಎರಡು ಸಲ ಒದ್ದು ನೋಡಿದೆ, ತಮ್ಮಿಂದ ಲಿಖಿತ ಉತ್ತರವೇನೂ ಬರಲಿಲ್ಲ.

ದೂರು ಕೊಡುವವರು ಮೊದಲು ತಮ್ಮ ಪರಿಚಯ ಹೇಳಿಕೊಳ್ಳಬೇಕಂತೆ. ನಾನು ಮಾಲತಿ, ಎಸ್ಟೇಟಿನಲ್ಲಿ ರೈಟರ್, ಅಂದರೆ ಯಾರು ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಬಂದರು, ಯಾರು ಬರಲಿಲ್ಲ ಎಂದು ಹಾಜರಿ ಬರೆಯುವವಳು. ಹಳೆಯ ಮ್ಯಾನೇಜರರ ಬಂಗಲೆ ಖಾಲಿ ಮಾಡುವಾಗ ಸೌದೆ ರಾಶಿಯ ಪಕ್ಕದಲ್ಲಿ ಕೋಳಿಗಳಿಗೆ ಆಸನವಾಗಿ ಕುಳಿತಿದ್ದ ತಮ್ಮನ್ನು ಕಂಡು, ಒರೆಸಿ, ಜೀಪಿನ ಮುಂದಿನ ಸೀಟಿನಲ್ಲಿ ಮನೆಗೆ ಕರೆತಂದವಳೂ ನಾನೇ. ಆ ದಿನ ನನ್ನ ಅಪ್ಪ ಹಿಂದಿನ ಸೀಟಿನಲ್ಲಿ ಕುಳಿತು ಬಂದರೆಂಬುದನ್ನು ತಾವು ಮರೆತಿರಲಾರಿರಿ.

ಆ ಅಪ್ಪ, ಸಿದ್ದ, ನಲವತ್ತು ವರ್ಷದಿಂದ ಮದುವೆ ಮನೆಗಳಲ್ಲಿ ವಾಲಗದ ಪೀಪಿ ಊದಿದವರು. ಹೋದ ವರ್ಷ ಒಂದು ಮದುವೆಯೂಟದಲ್ಲಿ ಹಂದಿ ಮೂಳೆಯೊಂದಿಗೆ ಹಟಕ್ಕೆ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡರು, ಮೂಳೆಗೆ ಏನೂ ಆಗಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಪೀಪಿ ನಿಲ್ಲುವುದಿಲ್ಲ, ಪೀಪಿಯಿಲ್ಲದೆ ನಮ್ಮ ವಾಲಗದ ಸೆಟ್ಟನ್ನು ಯಾರೂ ಕರೆಯುವುದಿಲ್ಲ. ಅದೇ ಹೊತ್ತಿಗೆ ವಾಲಗವನ್ನು ಪೆನ್‌ಡ್ರೈವಿಗೆ ತುಂಬಿ ಸ್ಪೀಕರಿನಲ್ಲಿ ಹಾಕಿ ಕುಣಿಯುವ ಹೊಸ ಪದ್ಧತಿಯೂ ಶುರುವಾಗಿತ್ತು. ಪೆನ್‌ಡ್ರೈವಿಗೆ ಹಲ್ಲು ಬೇಡ, ಊಟ ಬೇಡ, ಜೀಪು ಬೇಡ. ಅಪ್ಪ ಮೂರು ತಿಂಗಳು ಪೀಪಿಯನ್ನು ಮುಟ್ಟಲಿಲ್ಲ.

ಆಗ ನಾನು ವಾಲಗದ ಧಾಟಿಯನ್ನು ತಮಗೆ ಜೋಡಿಸಿದ ನನ್ನ ಗಿಟಾರಿನಲ್ಲಿ ನುಡಿಸಿದೆ, ತಾವು ಅದನ್ನು ಹಾಡಿದಿರಿ. ತಂತಿ ಜೋರಾಗಿ ಮೀಟಿದಾಗಲೆಲ್ಲ ತಮ್ಮ ಸ್ವರ ಒಂದು ಕ್ಷಣ ಕುಗ್ಗಿ, ಮತ್ತೆ ಉಬ್ಬಿಕೊಂಡು ಬರುತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ಅಪ್ಪ ಒಳಗೆ ಬಂದು, "ಇದು ಉಸ್ರು ತಗೊಳ್ತದೆ ಮಗಳೇ" ಎಂದರು. ಪೀಪಿ ಊದುವವನು ಉಸಿರೆಳೆಯುವ ಆ ಸಣ್ಣ ಸಂದಿನಲ್ಲೇ ಡೋಲಿನವನು ತನ್ನ ಏಟು ತುಂಬುವುದು, ಕುಣಿಯುವವರು ಹೆಜ್ಜೆ ತಿರುಗಿಸುವುದು. ಆ ಸಂದು ಗೊತ್ತಿರುವ ಯಂತ್ರವನ್ನು ಅಪ್ಪ ಪೀಪಿಯ ಜಾಗಕ್ಕೆ ಒಪ್ಪಿಕೊಂಡರು, ಅದರ ಜೊತೆಗೆ ನನ್ನನ್ನೂ ಸಹಿಸಿಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಕಕ್ಕಬೆಯ ಪೊನ್ನಪ್ಪಜ್ಜನವರ ಮೊಮ್ಮಗಳ ಮದುವೆಗೆ ನಮ್ಮ ಸೆಟ್ಟನ್ನು ಕರೆದರು. ಏರ್ಪಾಡೆಲ್ಲ ಸೊಸೆ ರಂಜಿತಾ ಅವರದು. ಈ ಸಲ ನೋಡುತ್ತೇವೆ, ಸರಿಬಾರದಿದ್ದರೆ ಇನ್ನು ಮುಂದೆ ಕುಟುಂಬದ ಎಲ್ಲ ಮದುವೆಗೂ ಪೆನ್‌ಡ್ರೈವೇ ಎಂದು ಅವರು ಬಹಳ ಪ್ರೀತಿಯಿಂದಲೇ ಹೇಳಿದರು. ನನಗೆ ಭಯ ಹತ್ತಿತು. ಟಿವಿ ರಿಪೇರಿಯ ಅಭಿಲಾಷ್ ತಮ್ಮ ಬೆನ್ನು ಬಿಚ್ಚಿ, ಬಂದ ಕರೆಂಟನ್ನು ನೇರ ಮಾಡಿ ಉಳಿದ ವಾಲ್ವುಗಳಿಗೆ ಬಡಿಸುವ ರೆಕ್ಟಿಫೈಯರ್ ವಾಲ್ವು ಸೋಮಾರಿ, ಕೇಳಿದ ತಕ್ಷಣ ಬಡಿಸುವುದಿಲ್ಲ, ಸ್ವರ ಕುಗ್ಗುವುದು ಅದಕ್ಕೇ ಎಂದು ತೀರ್ಪು ಕೊಟ್ಟ. ತಮ್ಮ ಮಾದರಿಗೆ ಹೊಂದುವ ಚುರುಕು ವಾಲ್ವೊಂದನ್ನು ತರಿಸಿ ಹಾಕಿದ. ಅಲ್ಲಲ್ಲಿ ಹರಿದಿದ್ದ ಹಳೆಯ ಕಾಗದದ ಸ್ಪೀಕರನ್ನು ತೆಗೆದು ಹೊಸ ಭಾರದ ಸ್ಪೀಕರು ಕೂರಿಸಿದ. ಸೋಮಾರಿ ವಾಲ್ವನ್ನು ನಾನು ಹತ್ತಿಯಲ್ಲಿ ಸುತ್ತಿ ಏಲಕ್ಕಿ ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ದೆ. ನನ್ನ ಇಡೀ ಬುದ್ಧಿವಂತಿಕೆಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಮುಂದಿನದು ತಮ್ಮ ಸಾಧನೆ. ತಾವು ಅಂದು ಒಮ್ಮೆಯೂ ಕುಗ್ಗಲಿಲ್ಲ. ಮೀಟಿದ ಕೂಡಲೇ ಸ್ವರ ಕೊಟ್ಟಿರಿ, ಕೊಟ್ಟ ಸ್ವರವನ್ನು ಗೋಡೆಗೆ ಮೊಳೆ ಹೊಡೆದಂತೆ ನಿಲ್ಲಿಸಿದಿರಿ. ಯಾವ ಇಲಾಖೆಯಲ್ಲೂ ಕಾಣಸಿಗದ ಈ ಸಮಯಪಾಲನೆಗೆ ತಮಗೆ ಸನ್ಮಾನ ಮಾಡಿ ಶಾಲು ಹೊದಿಸಬೇಕಿತ್ತು. ಆದರೆ ಉಸಿರಿನ ಸಂದಿಗಾಗಿ ಕೋಲೆತ್ತಿ ಕಾದಿದ್ದ ಡೋಲಿನ ಮುತ್ತನಿಗೆ ಆ ಸಂದು ಸಿಗಲೇ ಇಲ್ಲ. ಸಿಗದ್ದನ್ನು ಹುಡುಕುತ್ತಾ ಅವನು ಓಡಿದ, ಅವನ ಹಿಂದೆ ನಾನು ಓಡಿದೆ, ನಮ್ಮಿಬ್ಬರ ಹಿಂದೆ ಕಪ್ಪು ನಿಲುವಂಗಿ ಕುಪ್ಯ ತೊಟ್ಟ ಹಿರಿಯರೆಲ್ಲ ಬಸ್ಸು ತಪ್ಪಿದವರಂತೆ ಓಡಿದರು. ಮೂರು ತಲೆಮಾರಿನ ಮದುವೆಗಳಲ್ಲಿ ಕುಣಿದ ಪೊನ್ನಪ್ಪಜ್ಜ ಹತ್ತೇ ನಿಮಿಷಕ್ಕೆ ಎದೆ ಹಿಡಿದು ಕುರ್ಚಿಗೆ ಕುಸಿದರು. ಅವರು ಕುಳಿತರೆಂದು ಸಭೆಯೇ ಕುಳಿತಿತು. ಅಡುಗೆ ಮನೆಯಲ್ಲಿ ಅಕ್ಕಿಯುಂಡೆಯ ಕಡಂಬುಟ್ಟು ಇನ್ನೂ ಬೆಂದಿರಲಿಲ್ಲ. ರಂಜಿತಾ ಅವರು ಕೈಚೀಲದ ಜಿಪ್ಪು ತೆಗೆದರು.

ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೂ ನೋಡಿದೆ. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ, "ನಿನ್ ಪೆಟ್ಟಿಗೆ ಸತ್ತೋಯ್ತು ಮಗಳೇ, ಉಸ್ರಿಲ್ಲ" ಎಂದರು ಅಷ್ಟೆ. ತಾವು ಅಷ್ಟು ಜೋರಾಗಿ ಬದುಕಿದ್ದಾಗ ಬಂದ ಆ ಮಾತು ಕೇಳಿ ನನ್ನ ಕಣ್ಣು ತುಂಬಿತು ಎಂಬುದನ್ನು ದೂರಿನ ಒಂದು ಅಂಶವೆಂದೇ ದಾಖಲಿಸಿಕೊಳ್ಳಬೇಕು.

ತಕ್ಷಣ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಆದರೆ ಬಿಸಿ ವಾಲ್ವನ್ನು ಮುಟ್ಟುವಂತಿಲ್ಲ, ಅದು ಆರುವ ತನಕ ಕಾಯಲೇಬೇಕು. ಆ ಹತ್ತು ನಿಮಿಷ ನಮ್ಮ ಸೆಟ್ಟಿನ ಆಯುಸ್ಸು ರಂಜಿತಾ ಅವರ ಎರಡು ಬೆರಳ ನಡುವೆ ಪೆನ್‌ಡ್ರೈವಿನ ರೂಪದಲ್ಲಿತ್ತು. ಆಗ ಅಪ್ಪ ಎದ್ದು ನಿಂತು, ಹಲ್ಲಿಲ್ಲದ ಬಾಯಿಂದಲೇ ಧಾಟಿಯನ್ನು ಗುನುಗತೊಡಗಿದರು. ಅರ್ಧ ಸ್ವರ, ಅರ್ಧ ಬರೀ ಗಾಳಿ. ಆದರೂ ಎರಡು ಸಾಲಿನ ನಡುವೆ ಅವರು ಉಸಿರೆಳೆದರು, ಮುತ್ತನ ಕೋಲು ಸರಿಯಾಗಿ ಅಲ್ಲಿಗೇ ಬಿತ್ತು. ಪೊನ್ನಪ್ಪಜ್ಜನ ಕಾಲಿನ ಹೆಬ್ಬೆರಳು ಕುರ್ಚಿಯ ಕೆಳಗೆ ಅಲುಗಿತು. "ಅದನ್ನ ಒಳಗಿಡು ಮಗಳೇ, ಸಿದ್ದ ಇದ್ದಾನಲ್ಲ" ಎಂದು ಅವರು ಸೊಸೆಗೆ ಹೇಳಿದರು. ಅಷ್ಟರಲ್ಲಿ ನಾನು ಸೋಮಾರಿ ವಾಲ್ವನ್ನು ತಮ್ಮೊಳಗೆ ಕೂರಿಸಿದ್ದೆ. ಹೊಸ ಸ್ಪೀಕರಿನ ಚೂಪು ಅಡಗಲೆಂದು ಅಪ್ಪ ಹೆಗಲ ಟವೆಲ್ಲನ್ನು ಅದರ ಬಾಯಿಗೆ ಇಳಿಬಿಟ್ಟರು. ತಾವು ಕುಗ್ಗಿದಿರಿ, ಉಬ್ಬಿದಿರಿ, ಸಭೆ ಎದ್ದಿತು. ಊಟ ತಯಾರಾಗಿದೆ ಎಂದು ಮೂರು ಸಲ ಕೂಗಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸವಿನಯ ಕೋರಿಕೆಗಳಿವೆ. ತಾವು ಇನ್ನು ಯಾವ ಕಾರಣಕ್ಕೂ ಸುಧಾರಿಸುವುದಿಲ್ಲವೆಂದು ಛಾಪಾ ಕಾಗದದಲ್ಲಿ ಬರೆದುಕೊಡಬೇಕು. ಮನೆಗೆ ಬಂದ ಮೇಲೆ ಮರಳಿ ಕೂರಿಸಿರುವ ಕಾಗದದ ಸ್ಪೀಕರು ಎಷ್ಟು ಹರಿದಿದೆಯೋ ಅಷ್ಟೇ ಹರಿದಿರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಸೋಮಾರಿ ವಾಲ್ವು ನೂರು ವರ್ಷ ಸೋಮಾರಿಯಾಗಿಯೇ ಬಾಳಬೇಕು, ಒಂದು ದಿನವೂ ಸಾಯಬಾರದು. ಇದು ಸಾಧ್ಯವೇ ಎಂದು ಅಭಿಲಾಷನನ್ನು ಕೇಳಬೇಡಿ. ಅವನಿಗೆ ಈಗ ನಮ್ಮ ಮನೆಯಲ್ಲಿ ಕಾಫಿ ಕೊಡುವುದಿಲ್ಲ.

ತಮ್ಮ ದೌರ್ಬಲ್ಯದ ನಿತ್ಯ ಆರಾಧಕಿ ಹಾಗೂ ಸದ್ಯದ ಮಟ್ಟಿಗೆ
ತಮ್ಮ ವಿಶ್ವಾಸಿ,
ಮಾಲತಿ

ಮರೆತ ಮಾತು: ಅಪ್ಪನಿಗೆ ಕಟ್ಟಿಸಿದ ಹಲ್ಲು ಬಂತು. ಹಾಕಿಕೊಂಡು ಒಂದು ಸಲ ಊದಿದರು. ಸ್ವರವೇನೋ ನೆಟ್ಟಗೆ, ಗಟ್ಟಿಯಾಗಿ ಬಂತು. "ಇದಕ್ಕೂ ಉಸ್ರಿಲ್ಲ" ಎಂದು ಕಿತ್ತು, ಏಲಕ್ಕಿ ಡಬ್ಬಿಯಲ್ಲಿ ತಮ್ಮ ಚುರುಕು ವಾಲ್ವಿನ ಪಕ್ಕ ಹಾಕಿ ಮುಚ್ಚಳ ಒತ್ತಿದರು. ತಮ್ಮ ಹಳೆಯ ವಾಲ್ವನ್ನು ನಾನು ಮತ್ತೆ ಕೂರಿಸಿದೆ, ಅವರ ಹಳೆಯ ಹಲ್ಲನ್ನು ಕೂರಿಸಲು ಬರುವುದಿಲ್ಲ. ಹಾಗಾಗಿ ಅಪ್ಪನ ಉಸಿರು ಇನ್ನು ತಮ್ಮ ಹತ್ತಿರವೇ ಇದೆ, ಜೋಪಾನವಾಗಿ ನೋಡಿಕೊಳ್ಳಿ. ಬಂಗಲೆಯ ಸೌದೆ ರಾಶಿಯ ಪಕ್ಕ ತಮ್ಮ ಹಳೆಯ ಜಾಗ ಈಗಲೂ ಖಾಲಿ ಇದೆ, ಕೋಳಿಗಳು ತಮ್ಮನ್ನು ವಿಚಾರಿಸುತ್ತಿದ್ದವು.