ಅತ್ತೆ ಕೋಳಿ ಆರಿಸಿದ್ದು

ನಮ್ಮತ್ತೆಗೆ ಸೊಸೆಯನ್ನು ಆರಿಸಲು ಹಿಡಿದದ್ದು ಅರ್ಧ ಗಂಟೆ. ಕೋಳಿ ಆರಿಸಲು ಹಿಡಿದದ್ದು ಇಡೀ ಬೇಸಿಗೆ!

ಉತ್ಪ್ರೇಕ್ಷೆ ಅಂದುಕೊಂಡಿರಾ? ಯಶವಂತಪುರದ ನನ್ನ ತವರಿಗೆ ಹೆಣ್ಣು ನೋಡಲು ಬಂದವರು, ತಾಯಿಯನ್ನು ಕಳೆದುಕೊಂಡಿದ್ದ ಮೊಮ್ಮಗಳನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ಒಸಿ ನೋಡ್ಕೊಂಡಿರವ್ವ" ಎಂದು ನಮ್ಮಮ್ಮನ ಜೊತೆ ಅಡುಗೆಮನೆಗೆ ನಡೆದರು. ವಾಪಸು ಬಂದರು, ಕಾಫಿ ಕುಡಿದರು, "ನಮ್ಗೆ ಒಪ್ಗೆ" ಎಂದರು. ಮುದ್ದೆ ಕಟ್ಟಲು ಬರುತ್ತಾ, ಹಾಡಲು ಬರುತ್ತಾ, ಒಂದಾದರೂ ಪ್ರಶ್ನೆ? ಊಹೂಂ! ಎರಡನೇ ಮದುವೆಗೆ ಯಾರಾದರೇನು ಎಂದು ಒಪ್ಪಿಬಿಟ್ಟರೇನೋ ಎಂಬ ಅನುಮಾನ ಇಷ್ಟು ವರ್ಷ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಂಥವರು ಕೋಳಿಯ ವಿಷಯದಲ್ಲಿ ಎಷ್ಟು ಬಿಗಿ ಗೊತ್ತೇ? ಶೆಟ್ಟಿಹಳ್ಳಿಯ ನಮ್ಮ ಹಿತ್ತಿಲಿಗೆ ಪಕ್ಕದ ಖಾಲಿ ಸೈಟಿನಿಂದ ಹಾವು ಬರುತ್ತವೆ. ಹಾವು ಕಂಡರೆ ಇಡೀ ಬೀದಿಗೆ ಕೇಳುವಂತೆ ಕಿರುಚುವ ಹಕ್ಕಿ ಗಿನಿಕೋಳಿ. ಬೂದು ಮೈ, ಬಿಳಿ ಚುಕ್ಕಿ, ಇನ್ನೂ ಪೂರ್ತಿ ಊರು ಸೇರದ ಕಾಡುಬುದ್ಧಿ. ಮೊಟ್ಟೆ ಇಡುತ್ತದೆ, ಇಟ್ಟದ್ದನ್ನು ಮರೆಯುತ್ತದೆ! ಹಾಗಾಗಿ ಅದರ ಮೊಟ್ಟೆಗೆ ನಾಟಿ ಕೋಳಿಯನ್ನು ಕಾವಿಗೆ ಕೂರಿಸಬೇಕು. ತೊಂದರೆ ಏನೆಂದರೆ, ನಾಟಿ ಮೊಟ್ಟೆ ಮೂರು ವಾರಕ್ಕೆ ಒಡೆಯುತ್ತದೆ. ಗಿನಿ ಮೊಟ್ಟೆಗೆ ಇನ್ನೊಂದು ವಾರ ಬೇಕು. ತನ್ನ ಕೆಲಸ ಮುಗಿಯಿತೆಂದು ಕೋಳಿ ಎದ್ದುಹೋದರೆ ಎಲ್ಲ ಮಣ್ಣುಪಾಲು. ಹೋದ ವರ್ಷ ಹಾಗೆಯೇ ಆಗಿ, ಅತ್ತೆ ತಣ್ಣಗಾದ ಮೊಟ್ಟೆಗಳನ್ನು ಸೆರಗಲ್ಲಿ ಕಟ್ಟಿಕೊಂಡು ಕತ್ತಲಾಗುವವರೆಗೂ ಕೂತಿದ್ದರು.

"ಕಾವು ಕೊಡೋ ಮಿಷಿನ್ ತರಿಸ್ಬಿಡೋಣ ಬಿಡಮ್ಮ" ಎಂದರು ನನ್ನ ಗಂಡ.

"ಮಿಷಿನ್ನು ಮರಿ ಮಾಡ್ತದೆ ಕಣ್ಲಾ. ಚಳಿಯಾದ್ರೆ ರೆಕ್ಕೆ ಒಳಕ್ಕೆ ಕರ್ಕೋತದಾ?"

ಗಂಡ ಪೇಪರಿನ ಹಿಂದೆ ಮರೆಯಾದರು.

ಈ ಸಲ ಪರೀಕ್ಷೆ ಮಾಡಿಯೇ ಕೂರಿಸುವುದೆಂದು ತೀರ್ಮಾನವಾಯಿತು. ಒಂದು ಭಾನುವಾರ ಪಲ್ಯಕ್ಕೆ ಆಲೂಗಡ್ಡೆ ಹುಡುಕಿದರೆ ಒಂದೂ ಇಲ್ಲ. ಹಿತ್ತಿಲಲ್ಲಿ ಬುಟ್ಟಿಯೊಳಗೆ, ಕೋಳಿಯ ಕೆಳಗೆ ಬೆಚ್ಚಗಿವೆ!

"ಸುಳ್ ಮೊಟ್ಟೆ ಮ್ಯಾಲೆ ಕೂರ್ದೋಳು ನಿಜವಾದ್ರ ಮ್ಯಾಲೆ ಕೂತಾಳಾ?" ಎಂದರು ಅತ್ತೆ.

ಆಮೇಲೆ ಕೋಳಿಯ ಕೆಳಗೆ ಕೈ ತೂರಿಸುವುದು, ಪಕ್ಕದಲ್ಲಿ ಸ್ಟೀಲ್ ತಟ್ಟೆ ಬೀಳಿಸುವುದು, ಕೊನೆಗೆ ಬೆನ್ನ ಮೇಲೆ ಒಂದು ಬೊಗಸೆ ನೀರು. ಒದ್ದೆಯಾದರೂ ಏಳಬಾರದು! ನಮ್ಮ ಬಿಳಿ ಸುಂದರಿ ಕೈ ಕಂಡದ್ದೇ ಆಲೂಗಡ್ಡೆ ಬಿಟ್ಟು ಓಡಿದಳು. ಪಕ್ಕದ ಮನೆಯಾಕೆ ಹೆಮ್ಮೆಯಿಂದ ತಂದ ಕೆಂಪು ಹೇಂಟೆ ತಟ್ಟೆಯ ಸದ್ದಿಗೆ ಕಾಂಪೌಂಡ್ ಹಾರಿತು. ಕೊನೆಗೆ ಉಳಿದದ್ದು ಒಂದು ಬೋಳುಕತ್ತಿನ ಕೋಳಿ. ಅರ್ಧ ಪುಕ್ಕ ಕಿತ್ತು ಬಿಟ್ಟಂತಿತ್ತು!

"ಇದು ಸಾರಿಗೆ ಸರಿ ಕಣ್ರೀ" ಎಂದರು ಪಕ್ಕದ ಮನೆಯಾಕೆ.

ಕೈ ತೂರಿಸಿದರೆ ರಕ್ತ ಬರುವಂತೆ ಕುಟುಕಿತು. ತಟ್ಟೆಗೆ ಜಗ್ಗಲಿಲ್ಲ. ನೀರು ಬಿದ್ದಾಗ ಕಣ್ಣು ಮುಚ್ಚಿ, ಮೈ ಅಗಲಿಸಿ ಇನ್ನೂ ಬಿಗಿಯಾಗಿ ಕೂತಿತು.

"ಪಾಸು!" ಅತ್ತೆ ಬೆರಳು ಚೀಪುತ್ತಾ ಘೋಷಿಸಿದರು.

ಕೊಂಡು ತಂದ ಗಿನಿ ಮೊಟ್ಟೆಗಳನ್ನು ಅದರ ಕೆಳಗಿಟ್ಟ ಮೇಲೆ ಮನೆಯಲ್ಲಿ ಮಿಕ್ಸಿ ಬಂದ್, ಟಿವಿ ಬಂದ್. "ಅಮ್ಮಾ, ಕೆಮ್ಮಬಹುದಾ?" ಎಂದು ಗಂಡ ಕೇಳಿಯೇ ಕೆಮ್ಮುತ್ತಿದ್ದರು. ಮೂರು ವಾರ ಕಳೆಯಿತು. ಕೋಳಿ ಒಮ್ಮೆ ಎದ್ದು ಮೊಟ್ಟೆಗಳನ್ನು ನೋಡಿತು. ಮುಗಿಯಿತು ಕಥೆ ಅಂದುಕೊಂಡೆವು. ಕೊಕ್ಕಿನಿಂದ ಒಂದೊಂದನ್ನೇ ಹೊರಳಿಸಿ ಮತ್ತೆ ಕೂತಿತು! ಆ ಕೊನೆಯ ವಾರ ಅತ್ತೆಯೂ ಬುಟ್ಟಿಯ ಪಕ್ಕ ಬಿಟ್ಟೇಳಲಿಲ್ಲ.

ಗೆದ್ದೆವು ಸ್ವಾಮಿ! ಮೈಮೇಲೆ ಕಂದುಪಟ್ಟೆ, ಕೆಂಪು ಕಾಲಿನ ಮರಿಗಳು ಪಿಳಿಪಿಳಿ ಕಣ್ಣು ಬಿಡುತ್ತಾ ಹೊರಬಂದವು. ತನ್ನಂತಿಲ್ಲದ ಆ ಮರಿಗಳನ್ನು ಕೋಳಿ ಒಂದು ಕ್ಷಣ ನೋಡಿ, ರೆಕ್ಕೆಯೆತ್ತಿ ಒಳಕ್ಕೆ ಕರೆದುಕೊಂಡಿತು. ಮರಿಗಳು ಓಡಾಡುವಂತಾದದ್ದೇ ಬೀದಿಯಲ್ಲಿ ಮೆರವಣಿಗೆ: ಮುಂದೆ ಅತ್ತೆ, ಹಿಂದೆ ಬೋಳುಕತ್ತಿನ ತಾಯಿ, ಅದರ ಹಿಂದೆ ಪಟ್ಟೆ ಮರಿಗಳು! ಅಪಾರ್ಟ್‌ಮೆಂಟಿನ ವಾಚ್‌ಮನ್ ಕಾರು ತಡೆದು ದಾರಿ ಬಿಟ್ಟ. ಪಕ್ಕದ ಮನೆಯ ಗೇಟಿನ ಮುಂದೆ ಅತ್ತೆ ಬೇಕೆಂದೇ ನಿಂತರು.

"ಸಾರಿಗೆ ಅಂದಿದ್ರಲ್ಲ, ನೋಡ್ರವ್ವ!"

ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಾಗ ನಾನು ಕೆಣಕಿದೆ. "ಕೋಳಿಗೆ ಇಷ್ಟು ಪರೀಕ್ಷೆ ಮಾಡಿದ್ರಿ ಅತ್ತೆ. ನನಗೆ ಒಂದೂ ಮಾಡ್ಲಿಲ್ವಲ್ಲ?"

"ಯಾರಂದೋರು ಮಾಡ್ಲಿಲ್ಲ ಅಂತ?" ಅತ್ತೆ ಮರಿಗಳಿಂದ ಕಣ್ಣು ತೆಗೆಯಲಿಲ್ಲ. "ಅವತ್ತು ಮಗು ನಿನ್ ರೇಷ್ಮೆ ಸೀರೆ ಮ್ಯಾಲೆ ಉಚ್ಚೆ ಉಯ್ಕೊಂಡಿತ್ತು. ನಾನ್ ಬಾಗ್ಲಲ್ಲಿ ನಿಂತು ನೋಡ್ತಿದ್ದೆ. ನಿದ್ದೆ ಕೆಡ್ತದೆ ಅಂತ ನೀನ್ ಅಂಗೇ ಕೂತಿದ್ದೆ. ಒಸಿನೂ ಅಲ್ಲಾಡ್ಲಿಲ್ಲ. ಇನ್ನೇನ್ ಕೇಳಾದಿತ್ತವ್ವ?"

ನಾನು ಸರಿದು ಅತ್ತೆಯ ಹತ್ತಿರ ಕೂತೆ. ಅಷ್ಟರಲ್ಲಿ, ಅದೇ ಮಗು, ಈಗ ನನಗಿಂತ ಎತ್ತರ ಬೆಳೆದಿರುವ ಮಗಳು, ಅಡುಗೆಮನೆಯಿಂದ ಕೂಗಿದಳು. "ಅಮ್ಮಾ! ಆಲೂಗಡ್ಡೆ ಎಲ್ಲಿಟ್ಟಿದ್ದೀಯ?"

ನಾನು ಏಳುವಷ್ಟರಲ್ಲಿ ಅತ್ತೆಯೇ ಉತ್ತರ ಕೊಟ್ಟರು.

"ಇರವ್ವ, ನಿಮ್ಮಮ್ಮ ಬತ್ತಾಳೆ."