ದೊಡ್ಡಮ್ಮನಿಗೆ ಕಡಲು ತೋರಿಸಿದ್ದು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ಬಚ್ಚಲ ಒಲೆಗೆ ಬೆಂಕಿ ಹಾಕಿದೆ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದೆ. ನೆನೆಸಿಟ್ಟ ಅಕ್ಕಿ ರುಬ್ಬಿ ನೀರುದೋಸೆ ಹೊಯ್ದೆ. ಕೋಳಿಗಳನ್ನು ಗೂಡಿನಿಂದ ಬಿಟ್ಟೆ. ಒಂದು ಹೇಂಟೆ ಮಾತ್ರ ಹೊರಗೆ ಬರಲಿಲ್ಲ, ಕಾವಿಗೆ ಕೂತಿತ್ತು. ಮಜ್ಜಿಗೆ ಮೆಣಸನ್ನು ಬಿಸಿಲಿಗೆ ಹರಡಿ, ಕಾಗೆಗೆ ಹೆದರಿಕೆಯಾಗಲೆಂದು ಕರಿ ಕೊಡೆಯೊಂದನ್ನು ಪಕ್ಕದಲ್ಲಿ ಬಿಡಿಸಿಟ್ಟೆ. ನಮ್ಮವರ ಅಂಗಿಗೆ ಗುಂಡಿ ಹೊಲಿದೆ. ಇಷ್ಟೂ ಕೆಲಸ ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಮುಗಿದುಹೋಯಿತು. ಇಷ್ಟು ಮಾಡುವವಳಿಗೆ ಒಬ್ಬರಿಗೆ ಮಂಗಳೂರು ತೋರಿಸುವುದು ಒಂದು ಕೆಲಸವೇ?

ಅಲ್ಲವೆಂದೇ ನಾನು ನಂಬಿದ್ದೆ.

ನೋಡಬೇಕಾದವರು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಸುಳ್ಯಕ್ಕಿಂತಲೂ ಆಚೆ, ಘಟ್ಟದ ಬುಡದ ಹಳ್ಳಿಯವರು. ಅರವತ್ತು ದಾಟಿದ ಮೇಲೆ ಮೊದಲ ಸಲ ಮೋಟಾರು ಬಸ್ಸು ಹತ್ತಿ, ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಾ, ಬೋಳಾರದ ನಮ್ಮ ಮನೆಗೆ ಬಂದಿದ್ದರು. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಡಲೇಬೇಕು. ಅವರ ದನ ಕರು ಹಾಕುವುದರಲ್ಲಿತ್ತು. ಮಂಗಳೂರಿನಲ್ಲಿ ಅವರಿಗೆ ಬೇಕಾದದ್ದು ಒಂದೇ ಒಂದು: ಕಡಲು.

"ಇನ್ನೊಂದು ಸಲ ಆ ಬಸ್ಸಿನಲ್ಲಿ ಕೂರುವ ಧೈರ್ಯ ನನಗಿಲ್ಲ ಮಗಾ. ಒಮ್ಮೆ ಕಡಲು ನೋಡಿದರೆ ಸಾಕು" ಎಂದಿದ್ದರು.

ಊರಿಗೆ ಹೋದಾಗಲೆಲ್ಲ "ಕಡಲು ನಮ್ಮ ಹಿತ್ತಿಲ ಹಿಂದೆಯೇ ಉಂಟು" ಎಂದು ಹೇಳಿ ಹೇಳಿ ಅವರ ಆಸೆ ಬೆಳೆಸಿದವಳು ನಾನೇ. ಆದ್ದರಿಂದ ತೋರಿಸುವ ಕೆಲಸವನ್ನೂ ಕ್ರಮವಾಗಿಯೇ ಮಾಡಬೇಕೆಂದು ಒಂದು ಯೋಜನೆ ಹಾಕಿದೆ. ಮೊದಲು ಮಂಗಳಾದೇವಿ. ಆಮೇಲೆ ಫಳ್ನೀರಿನ ದಾರಿಯಾಗಿ ಕದ್ರಿ ದೇವಸ್ಥಾನ. ಅಲ್ಲಿಂದ ಬಾವುಟಗುಡ್ಡೆಯ ದೀಪದ ಗೋಪುರ. ಅಲ್ಲಿಂದ ಬಂದರು. ಎಲ್ಲಕ್ಕೂ ಕೊನೆಯಲ್ಲಿ ಕಡಲು.

ನಮ್ಮವರು ಬಂದರಿನ ಅಕ್ಕಿ ಮಂಡಿಯಲ್ಲಿ ಕೆಲಸಕ್ಕಿದ್ದರು. ದೋಸೆ ತಿನ್ನುತ್ತಾ ನನ್ನ ಯೋಜನೆಯನ್ನು ಪೂರ್ತಿ ಕೇಳಿದರು. "ಮೊದಲು ಕಡಲಿಗೆ ಕರ್ಕೊಂಡು ಹೋಗು. ಉಳಿದದ್ದು ಮತ್ತೆ ನೋಡಿದರಾಯ್ತು" ಎಂದರು.

"ಪಾಯಸವನ್ನು ಯಾರಾದರೂ ಊಟಕ್ಕೆ ಮೊದಲು ಬಡಿಸ್ತಾರಾ?" ಎಂದೆ ನಾನು.

ಅವರು ಟೊಪ್ಪಿ ಹಾಕಿಕೊಂಡು ಹೊರಟರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಟೊಪ್ಪಿ ಹಾಕಿಕೊಳ್ಳುವ ಹೊತ್ತು ಯಾವುದೆಂದು ತಿಳಿದಿರುತ್ತದೆ.

ಮಂಡಿಯ ಮೂಟೆ ಹೊರುವ ಗಾಡಿಗೆ ಆ ದಿನ ಬಿಡುವಿತ್ತು. ಗಾಡಿಯ ಐತಪ್ಪ ಹುಲ್ಲು ಹಾಸಿ, ಮೇಲೆ ಚಾಪೆ ಹಾಕಿ ತಂದು ನಿಲ್ಲಿಸಿದ. ಎಲ್ಲಿಗೆ ಎಂದು ಕೇಳಿದ. ಮಂಗಳೂರು ನೋಡಲಿಕ್ಕೆ ಎಂದೆ. ಅವನು ಎತ್ತಿನ ಮುಖ ನೋಡಿದ, ಎತ್ತು ಅವನ ಮುಖ ನೋಡಿತು. ಹೊರಟೆವು.

ಮಂಗಳಾದೇವಿಯ ದರ್ಶನ ಚೆನ್ನಾಗಿಯೇ ಆಯಿತು. ನನ್ನ ಇಡೀ ಯೋಜನೆಯಲ್ಲಿ ಯೋಜನೆಯ ಹಾಗೆ ನಡೆದದ್ದು ಅದೊಂದೇ. ಅದಕ್ಕೂ ಕಾರಣ ದೇವಿ, ನಾನಲ್ಲ.

ಫಳ್ನೀರಿನಲ್ಲಿ ನಮ್ಮವರ ಸೋದರತ್ತೆ ಪಾರ್ವತಿ ಮಾಮಿಯ ಮನೆ. ನಮ್ಮ ಕಡೆಯ ಕಟ್ಟಳೆ ಗೊತ್ತಲ್ಲ? ನೆಂಟರ ಮನೆಯ ಎದುರಿನಿಂದ ಹೋಗುವವರು ಒಳಗೆ ಹೋಗಿ ಒಂದು ತುಂಡು ಬೆಲ್ಲ ಕಚ್ಚಿ ಒಂದು ಚೆಂಬು ನೀರು ಕುಡಿಯದೆ ಮುಂದೆ ಹೋಗಬಾರದು. ಹೋದರೆ ಮೂರು ತಲೆಮಾರು ಆ ಮಾತು ಉಳಿಯುತ್ತದೆ. ಹಾಗೆಂದೇ ನಾನು ಸೆರಗನ್ನು ಮುಖದವರೆಗೆ ಎಳೆದುಕೊಂಡು ಗಾಡಿಯ ಒಳಗೆ ಬಗ್ಗಿ ಕೂತಿದ್ದೆ. ಆದರೆ ಮಾಮಿ ಜಗಲಿಯಲ್ಲಿ ಕೂತು ಹೊತ್ತು ಕಳೆಯುವುದೇ ಹೋಗಿ ಬರುವ ಗಾಡಿಗಳನ್ನು ನೋಡಿ. ಎತ್ತಿನ ಕೊಂಬಿನಿಂದಲೇ ಗಾಡಿ ಯಾವ ಮಂಡಿಯದೆಂದು ಹೇಳಬಲ್ಲವರು!

"ಐತಪ್ಪ, ಒಳಗೆ ಯಾರು ಬಗ್ಗಿ ಕೂತದ್ದು?" ಎಂದು ಕೇಳಿದರು.

ಇಳಿದೆವು. ಬೆಲ್ಲ ಬಂತು, ನೀರು ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೊಡ್ಡಮ್ಮನ ಮನೆತನದ ಹೆಸರು ಕೇಳಿದ ಮಾಮಿ, ಆ ಮನೆತನಕ್ಕೆ ತಮ್ಮ ಅಜ್ಜಿಯ ತಂಗಿಯನ್ನು ಕೊಟ್ಟದ್ದುಂಟೆಂದು ನೆನಪು ಮಾಡಿಕೊಂಡರು. ನೆಂಟಸ್ತಿಕೆ ಸಿಕ್ಕಿದ ಮೇಲೆ ಬರಿಯ ಬೆಲ್ಲ ಸಾಲುತ್ತದೆಯೇ? ಎಳನೀರು ಬಂತು, ಅವಲಕ್ಕಿ ಬಂತು, ಬಾಳೆಹಣ್ಣು ಬಂತು. ಅಜ್ಜಿಯ ತಂಗಿಗೆ ಮಕ್ಕಳೆಷ್ಟು, ಆ ಮಕ್ಕಳು ಎಲ್ಲೆಲ್ಲಿ ಎಂದು ಇಬ್ಬರೂ ಕೂತು ಲೆಕ್ಕ ಹಿಡಿದರು. ನಾನು ದೊಡ್ಡಮ್ಮನ ಕಿವಿಯಲ್ಲಿ, ಹೊರಡುವ, ಹೊತ್ತಾಯ್ತು ಎಂದೆ. ಅವರು ಮೆಲ್ಲಗೆ ನನ್ನ ಕೈ ಹಿಂಡಿದರು. ಕೊಟ್ಟದ್ದನ್ನು ಬಿಟ್ಟು ಏಳುವುದು ನಮ್ಮ ಮನೆಯ ಕ್ರಮವಲ್ಲ ಎಂದು ಆ ಹಿಂಡುವಿಕೆಯ ಅರ್ಥ.

ಮುಂದೆ ಅದೇ ರಸ್ತೆಯಲ್ಲಿ ನನ್ನ ನಾದಿನಿ ಕಮಲನ ಮನೆ. ಈ ಸಲ ನಾನು ಬುದ್ಧಿ ಉಪಯೋಗಿಸಿದೆ. ಇದನ್ನು ಎಚ್ಚರಿಕೆಯ ಮಾತಾಗಿ ಬರೆಯುತ್ತಿದ್ದೇನೆ: ನಾನು ಬುದ್ಧಿ ಉಪಯೋಗಿಸಿದಾಗಲೆಲ್ಲ ಹೀಗೇ ಆಗುತ್ತದೆ. ಐತಪ್ಪನಿಗೆ ಹಿಂದಿನ ಓಣಿಯಲ್ಲಿ ಗಾಡಿ ಬಿಡಲು ಹೇಳಿದೆ. ಅಕ್ಕಾ, ಆ ಓಣಿ ಇಕ್ಕಟ್ಟು ಎಂದ ಅವನು. ಪರವಾಗಿಲ್ಲ ಎಂದೆ. ಓಣಿ ತಿರುಗಿತು, ಬಗ್ಗಿತು, ಸಪೂರವಾಯಿತು. ಕೊನೆಗೆ ಸೀದಾ ಹೋಗಿ ಕಮಲನ ಹಟ್ಟಿಯ ಎದುರಿಗೆ ಮುಗಿದೇ ಹೋಯಿತು! ಅಲ್ಲಿ ಕಮಲ ಎಮ್ಮೆಗೆ ನೀರು ಹೊಯ್ಯುತ್ತಾ ನಿಂತಿದ್ದಳು.

ಎದುರಿನ ಬಾಗಿಲಿನಿಂದ ಬಂದ ನೆಂಟರಿಗೆ ಬೆಲ್ಲ ನೀರು ಸಾಕು. ಹಟ್ಟಿಯ ಬಾಗಿಲಿನಲ್ಲಿ ಸಿಕ್ಕಿಬಿದ್ದ ನೆಂಟರಿಗೆ ಬೇರೆಯೇ ಕಾನೂನು.

"ಎಂತ ಅತ್ತಿಗೆ, ನಮ್ಮನ್ನು ತಪ್ಪಿಸಿಕೊಂಡು ಹೋಗುವ ಅಂತಲಾ?" ಎಂದಳು ಕಮಲ.

"ಇಲ್ಲ ಮಾರಾಯ್ತಿ, ನಿನ್ನ ಎಮ್ಮೆಯನ್ನು ದೊಡ್ಡಮ್ಮನಿಗೆ ತೋರಿಸುವ ಅಂತ ಬಂದದ್ದು" ಎಂದೆ.

ಆಗ ದೊಡ್ಡಮ್ಮ ಗಾಡಿಯಿಂದಿಳಿದು ಎಮ್ಮೆಯನ್ನು ನಿಜವಾಗಿಯೂ ನೋಡಬೇಕಾಯಿತು. ನೋಡಿದರು. ಕೆಚ್ಚಲು ಮುಟ್ಟಿದರು, ಹಲ್ಲು ನೋಡಿದರು, ಹಿಂಡಿ ಏನು ಹಾಕುತ್ತೀರಿ ಎಂದು ಕೇಳಿದರು. ಅಷ್ಟರಲ್ಲಿ ಕಮಲ ಕೋಳಿ ಹಿಡಿಯಲು ಹೊರಟಾಗಿತ್ತು. ಕೋಳಿ ಸುಕ್ಕ ಆಗಿ, ರೊಟ್ಟಿ ಆಗಿ, ಊಟ ಮುಗಿಯುವಾಗ ಹಂಚಿನ ಕಾರ್ಖಾನೆಯ ಮಧ್ಯಾಹ್ನದ ಕೂಗು ಕೂಗಿ ಎಷ್ಟೋ ಹೊತ್ತಾಗಿತ್ತು. ಗಾಡಿಯನ್ನು ಆ ಓಣಿಯಿಂದ ಹಿಮ್ಮುಖವಾಗಿ ಹೊರಗೆ ತಂದದ್ದೇ ಇನ್ನೊಂದು ಪುರಾಣ. ಎತ್ತು ಜೀವಮಾನದಲ್ಲಿ ಹಿಂದಕ್ಕೆ ನಡೆದದ್ದಿಲ್ಲ. ಅದಕ್ಕೆ ಆ ವಿದ್ಯೆ ಕಲಿಸಿದವಳೂ ನಾನೇ.

ಕದ್ರಿಗೆ ಮುಟ್ಟುವಾಗ ನಡೆ ಮುಚ್ಚಿತ್ತು. ಮುಚ್ಚಿದ ಬಾಗಿಲಿಗೆ ಕೈ ಮುಗಿದೆವು. ನನ್ನ ಮುಖ ನೋಡಿ ದೊಡ್ಡಮ್ಮನಿಗೆ ಏನನ್ನಿಸಿತೋ, "ಬಾಗಿಲು ಒಳ್ಳೆ ಮರದ್ದು ಮಗಾ" ಎಂದರು.

ಬಾವುಟಗುಡ್ಡೆಯ ಬುಡದಲ್ಲಿ ಎತ್ತು ಮಲಗಿತು. ದೊಡ್ಡಮ್ಮನೂ ಮೇಲೆ ನೋಡಿ, ಈ ಹೊಟ್ಟೆ ಹೊತ್ತುಕೊಂಡು ಹತ್ತಲಿಕ್ಕಾಗುವುದಿಲ್ಲ ಎಂದು ಮರದ ನೆರಳಿನಲ್ಲಿ ಕೂತರು. ನಾನೂ ಒತ್ತಾಯ ಮಾಡಲಿಲ್ಲ. ಮೇಲೆ ಇರುವುದು ಒಂದು ಕಲ್ಲಿನ ಗೋಪುರ ತಾನೇ? ಕೆಳಗಿನಿಂದಲೇ ಅದನ್ನು ನೋಡಿದೆವು.

ಬಂದರಿಗೆ ಬಂದಾಗ ಮಂಡಿಗಳ ಬಾಗಿಲು ಹಾಕುವ ಹೊತ್ತು. ದಕ್ಕೆಯ ಕಟ್ಟೆಗೆ ಕಟ್ಟಿದ ಮಂಜಿಗಳನ್ನು, ಎಂದರೆ ಹಾಯಿ ಸುತ್ತಿಟ್ಟ ದೊಡ್ಡ ದೊಡ್ಡ ದೋಣಿಗಳನ್ನು, ದೊಡ್ಡಮ್ಮ ಬಾಯಿ ತೆರೆದು ನೋಡಿದರು. ಆಮೇಲೆ ನೀರನ್ನು ನೋಡಿದರು. ನೀರು ಸುಮ್ಮನೆ ಬಿದ್ದುಕೊಂಡಿತ್ತು. ಆಚೆ ದಡದಲ್ಲಿ ತೆಂಗಿನ ಮರಗಳು, ಹೊಗೆಯಾಡುವ ಗುಡಿಸಲುಗಳು.

"ಇದಾ?"

"ಇದು ಹೊಳೆ, ದೊಡ್ಡಮ್ಮ. ಕಡಲು ಆ ತೆಂಗಿನ ಮರಗಳ ಆಚೆ."

"ನಿನ್ನ ಹಿತ್ತಿಲ ಹಿಂದೆ ಅಂದದ್ದು?"

"ಹಿಂದೆಯೇ. ನಡುವೆ ಒಂದು ಹೊಳೆ ಉಂಟು, ಅಷ್ಟೆ."

ಅವರು ಹಣೆಗೆ ಕೈ ಅಡ್ಡ ಹಿಡಿದು ತೆಂಗಿನ ಮರಗಳ ಕಡೆ ನೋಡಿದರು. ಆಮೇಲೆ, ಇಡೀ ದಿನ ಯಾರೂ ಕೇಳದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡಿದ್ದ ಪ್ರಶ್ನೆಯನ್ನು ಕೇಳಿದರು. "ನೀನು ನೋಡಿದ್ದೀಯಲ್ಲ?"

ಸತ್ಯ ಹೇಳುತ್ತೇನೆ: ನಾನು ನೋಡಿರಲಿಲ್ಲ. ನಮ್ಮಲ್ಲಿ ಸುಮ್ಮನೆ ಕಡಲು ನೋಡಲು ಹೋಗುವವರು ಇಲ್ಲ. ಮೀನು ಹಿಡಿಯುವವರು ಹೋಗುತ್ತಾರೆ, ಬೂದಿ ಬಿಡುವವರು ಹೋಗುತ್ತಾರೆ. ನನಗೆ ಆ ಎರಡು ಕೆಲಸವೂ ಬಿದ್ದಿರಲಿಲ್ಲ. ಹಗಲಿಗೆ ಅಡಿಗೆ, ಸಂಜೆಗೆ ದೀಪ. ಕಡಲು ಎಲ್ಲಿಗೂ ಹೋಗುವುದಿಲ್ಲವಲ್ಲ, ನಾಳೆ ನೋಡಿದರಾಯಿತು ಎಂದು ಇಪ್ಪತ್ತು ವರ್ಷ ಕಳೆದಿದ್ದವು.

ಅಷ್ಟರಲ್ಲಿ ನಮ್ಮವರು ಮಂಡಿಯಿಂದ ಇಳಿದು ಬಂದರು. ನಮ್ಮ ದಿನಚರಿಯನ್ನು ಕೇಳಿ, ಗುಡ್ಡೆ ಹತ್ತಿದ್ದರೆ ಅಲ್ಲಿಂದಲೇ ಇಡೀ ಕಡಲು ಕಾಣುತ್ತಿತ್ತಲ್ಲ ಎಂದರು. ನಾನು ಮಂಜಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅವರು ಸೂರ್ಯನ ಕಡೆಗೊಮ್ಮೆ ಕಣ್ಣು ಹಾಯಿಸಿ, ಬೆಂಗ್ರೆಗೆ ಹೋಗುವ ಕಡವಿನ ದೋಣಿಗೆ ಕೈ ತೋರಿಸಿದರು. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿ.

ದೋಣಿಯಲ್ಲಿ ನಮ್ಮ ಮನೆಗೆ ದಿನವೂ ಮೀನು ತರುವ ಲಕ್ಷ್ಮಿ ಇದ್ದಳು, ಖಾಲಿ ಬುಟ್ಟಿ ಹಿಡಿದು ಮನೆಗೆ ಹೊರಟವಳು. ಸಂಗತಿ ಕೇಳಿ, ಕಡಲನ್ನು ನೋಡಲಿಕ್ಕಾ ಎಂದು ಎರಡು ಸಲ ಕೇಳಿದಳು. ಸೂರ್ಯ ತೆಂಗಿನ ಗರಿಗಳ ಹಿಂದೆ ಇಳಿಯುತ್ತಿದ್ದ. ಆಚೆ ದಡ ಇನ್ನೇನು ಮುಟ್ಟಬೇಕು, ದೋಣಿ ಗರಕ್ಕೆಂದು ನಿಂತಿತು. ಇಳಿತದ ಹೊತ್ತು; ಅಡಿಯಲ್ಲಿ ಮರಳು ಸಿಕ್ಕಿಬಿಟ್ಟಿತ್ತು. ಅಂಬಿಗ ಗಳ ಊರಿ ತಳ್ಳಿದ, ನಮ್ಮವರು ಇಳಿದು ತಳ್ಳಿದರು. ದೋಣಿಯ ಭಾರ ಸರಿ ಮಾಡೋಣವೆಂದು ನಾನು ಎದ್ದು ಇನ್ನೊಂದು ಬದಿಗೆ ಹೋದೆ. ಭಾರ ಸರಿಯಾಗಲಿಲ್ಲ. ನಾನು ಹೊಳೆಗೆ ಬಿದ್ದೆ.

ನೀರು ಮೊಣಕಾಲಿನಷ್ಟೇ ಇತ್ತು. ಮುಳುಗುವ ಘನತೆಯೂ ನನಗೆ ಸಿಗಲಿಲ್ಲ.

"ಅಕ್ಕ ದಾರಿ ತೋರಿಸಿದ್ರು, ಇನ್ನು ನಡೆಯುವ" ಎಂದು ಲಕ್ಷ್ಮಿ ಸೀರೆ ಎತ್ತಿ ಕಟ್ಟಿ ಇಳಿದಳು. ದೊಡ್ಡಮ್ಮನ ಕೈ ಹಿಡಿದು ದಡಕ್ಕೆ ನಡೆಸಿದಳು. ದಡದಲ್ಲೇ ಅವಳ ಗುಡಿಸಲು. ಅಂಗಳದಲ್ಲಿ ಬಲೆ ಒಣಗುತ್ತಿತ್ತು. ಅವಳ ಅತ್ತೆ ನಮ್ಮನ್ನು ಕಂಡದ್ದೇ ತಡ, ಒಳಗೆ ಹೋಗಿ ಬೆಲ್ಲದ ತಟ್ಟೆ, ನೀರಿನ ಚೆಂಬು ಹಿಡಿದುಕೊಂಡು ಬಂದಳು.

ನಾನು ಆಕಾಶ ನೋಡಿದೆ. ಪಶ್ಚಿಮದಲ್ಲಿ ಇನ್ನು ಒಂದು ಬೆರಳಿನಷ್ಟು ಬೆಳಕು. ಕೊಟ್ಟದ್ದನ್ನು ಬಿಟ್ಟು ಏಳದ ದೊಡ್ಡಮ್ಮ ಈ ಜಗಲಿಯಲ್ಲಿ ಕೂತರೆ, ಬೆಲ್ಲ ಕಚ್ಚಿ ಮೇಲಕ್ಕೆ ನೋಡುವಾಗ ಕತ್ತಲೆ. ನಾಳೆ ಬಸ್ಸು.

ದೊಡ್ಡಮ್ಮ ತಟ್ಟೆಯನ್ನು ನೋಡಿದರು. ಆ ಮುದುಕಿಯ ಎರಡೂ ಕೈ ಹಿಡಿದುಕೊಂಡು, "ಅಕ್ಕಾ, ಮೊದಲು ಕಡಲು. ನೀರು ಮತ್ತೆ" ಎಂದರು.

ಜೀವಮಾನದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು. ಹೇಳಿದವರೇ ಮರಳಿನ ದಿಬ್ಬ ಹತ್ತಿ ಓಡಿದರು. ಓಡಿದರು ಎಂದೇ ಬರೆಯಬೇಕು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು, ಮಾರ್ಗದರ್ಶಕಿಯಾದ ನಾನು ಎಲ್ಲರಿಗಿಂತ ಹಿಂದೆ!

ದಿಬ್ಬದ ಮೇಲೆ ನಿಂತಾಗ ಅದು ಇತ್ತು. ಎಷ್ಟು ನೋಡಿದರೂ ಆಚೆ ದಡವಿಲ್ಲ. ಕೆಂಪು ಬೆಳಕು ನೀರಿನ ಮೇಲೆ ದಿಬ್ಬದ ಬುಡದವರೆಗೂ ಬಂದು ಮಡಚಿ ಬೀಳುತ್ತಿತ್ತು. ನಾವಿಬ್ಬರೂ ಒಂದೇ ಥರ ಬಾಯಿ ತೆರೆದು ನಿಂತಿದ್ದೆವೆಂದು ನಮ್ಮವರು ಆಮೇಲೆ ಹೇಳಿದರು.

ನೀರು ಮುಟ್ಟಲು ಕೆಳಗೆ ಇಳಿದೆವು. ದೊಡ್ಡಮ್ಮ ಹೆದರಿಯಾರು ಎಂದು ನಾನು ಅವರ ಕೈ ಹಿಡಿದೆ. ಒಂದು ತೆರೆ ಎದ್ದು ಬಂತು. ನಾನು ಕೈ ಬಿಟ್ಟು, ಕೂಗಿ, ಹಿಂದಕ್ಕೆ ಓಡಿ, ಮರಳಿನಲ್ಲಿ ಕುಕ್ಕರಿಸಿದೆ. ದೊಡ್ಡಮ್ಮ ಅಲ್ಲಾಡದೆ ನಿಂತು ಕಾಲು ತೊಳೆಸಿಕೊಂಡರು. ತೆರೆ ಹಿಂದೆ ಸರಿದ ಮೇಲೆ ತಿರುಗಿ, "ಬಾ ಮಗಾ, ಅದು ಎಂತದೂ ಮಾಡುವುದಿಲ್ಲ" ಎಂದು ನನ್ನನ್ನು ಕರೆದರು.

ಕತ್ತಲಾದ ಮೇಲೆ ಲಕ್ಷ್ಮಿಯ ಜಗಲಿಯಲ್ಲಿ ಕೂತು ಬೆಲ್ಲ ಕಚ್ಚಿ ನೀರು ಕುಡಿದೆವು. ದೋಣಿ ತೇಲಿಸಿ ಈಚೆ ಬಂದು, ಗಾಡಿಯಲ್ಲಿ ಮನೆ ಸೇರಿದೆವು.

ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಲಕ್ಷ್ಮಿ ಕಟ್ಟಿಕೊಟ್ಟಿದ್ದ ಒಣಮೀನು ಸುಟ್ಟದ್ದು. ನಮ್ಮವರು ಎರಡು ಬಟ್ಟಲು ಗಂಜಿ ಕುಡಿದರು, ದೊಡ್ಡಮ್ಮ ಒಂದು. ನನ್ನದು ಅರ್ಧಕ್ಕೇ ನಿಂತಿತು. ಅತಿಥಿಗೆ ಚಾಪೆ ಹಾಸಿ, ಪಾತ್ರೆ ತೊಳೆದು, ಬಾಗಿಲಿನ ಅಗಳಿ ಹಾಕಿ ಕೊನೆಗೆ ಮಲಗಬೇಕಾದವಳು ನಾನು. ಎಲ್ಲರಿಗಿಂತ ಮೊದಲು, ಗೋಡೆಗೆ ಒರಗಿದಲ್ಲಿಯೇ ನಿದ್ದೆ ಹೋದವಳೂ ನಾನೇ. ಪಾತ್ರೆ ತೊಳೆದದ್ದು ದೊಡ್ಡಮ್ಮ. ನನಗೆ ಕಂಬಳಿ ಹೊದಿಸುತ್ತಾ ಅವರು ನಮ್ಮವರಿಗೆ ಮೆಲ್ಲಗೆ ಹೇಳಿದರಂತೆ:

"ಎಬ್ಬಿಸಬೇಡಿ, ಪಾಪ. ಗೊತ್ತಿಲ್ಲದ ಊರು ಸುತ್ತಿ ಸುಸ್ತಾಗಿದೆ ಅವಳಿಗೆ."