ಮೂರನೇ ವರ್ಷದ ಗಾಡಿ

ಹಳೇ ಕಾರು ಕೊಂಡು ತಲೆ ಮೇಲೆ ಕೈ ಹೊತ್ತು ಕೂತವರು ಈ ಜಗತ್ತಿನಲ್ಲಿ ಲಕ್ಷಾಂತರ ಜನ ಇದ್ದಾರು. ಆ ಸಾಲಿನಲ್ಲಿ ನಾನು ಮಾತ್ರ ಯಾವತ್ತೂ ನಿಲ್ಲುವವನಲ್ಲ! ಹೀಗೆಂದು ಊಟದ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಉರುಳಿತು. ನನ್ನ ಹೆಂಡತಿ ಅದನ್ನೆತ್ತಿ ನಿಲ್ಲಿಸುತ್ತ ಕೇಳಿದಳು:

"ಈಗ ಕಾರು ಬೇಕು ಅಂತ ಯಾರು ಅತ್ತಿದ್ದು?"

"ಬರೀ ಕಾರಲ್ಲ ಕಣೇ, ಸ್ಪೋರ್ಟ್ಸ್ ಕಾರು! ಎರಡೇ ಬಾಗಿಲು! ಅಪ್ಪಟ ಚರ್ಮದ ಸೀಟು! ನೆಲಕ್ಕೆ ಮುತ್ತಿಡ್ತಾ ಓಡೋ ಗಾಡಿ!"

"ನೆಲಕ್ಕೆ ಮುತ್ತಿಡೋಕೆ ನಿಮ್ಮ ಹೊಟ್ಟೆ ಬಿಡಬೇಕಲ್ಲ!"

ಇವಳ ಪರಿಚಯ ಮೊದಲೇ ಮಾಡಿಕೊಡುವುದು ಒಳ್ಳೆಯದು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಇವಳ ಕೆಲಸ. ಆ ಕಾರುಗಳಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ದಿನವಿಡೀ ಅದನ್ನು ತುಳಿದು ತುಳಿದು ಎಂಥ ಅಭ್ಯಾಸವಾಗಿದೆಯೆಂದರೆ, ಮನೆಯಲ್ಲಿ ನನ್ನ ಮಾತು ಸ್ವಲ್ಪ ವೇಗ ಪಡೆದರೂ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಇವಳ ಪಾದ ಬೀಳುತ್ತದೆ. ನಾನು ಗಕ್ಕನೆ ನಿಲ್ಲುತ್ತೇನೆ.

ನಾನೋ, ಹಾಸಿಗೆ ಅಂಗಡಿಯ ಮ್ಯಾನೇಜರು. ಬಂದವರಿಗೆಲ್ಲ ಬೆನ್ನುಮೂಳೆಯ ಮಹಿಮೆಯ ಬಗ್ಗೆ ಭಾಷಣ ಬಿಗಿದು ಹಾಸಿಗೆ ಮಾರುವವನು. ಸೊಂಟದ ಮೇಲೆ ಕೈಯಿಟ್ಟುಕೊಂಡು ರಸ್ತೆಯಲ್ಲಿ ಯಾರಾದರೂ ಹೋದರೆ ಸಾಕು, ಕೂಗಿ ಕರೆದು ಮಲಗಿಸಿಬಿಡುತ್ತೇನೆ. ಅಂಗಡಿಯ ಗಾಜಿನ ಮೇಲೆ ನನ್ನದೇ ಆಳೆತ್ತರದ ಚಿತ್ರವಿದೆ. ಕಂಬದ ಹಾಗೆ ನಿಂತಿದ್ದೇನೆ. ಕೆಳಗೆ 'ನಮ್ಮ ಹಾಸಿಗೆ, ನೆಟ್ಟನೆಯ ಬೆನ್ನು!' ಎಂದು ದಪ್ಪ ಅಕ್ಷರ. ಇಡೀ ದಿನ ಊರಿನವರನ್ನೆಲ್ಲ ಮಲಗಿಸಿ ಮಲಗಿಸಿ ನನಗೆ ವೇಗದ ಹುಚ್ಚು ಹಿಡಿದಿದ್ದರೆ ಅದು ನನ್ನ ತಪ್ಪೇ?

ಹುಚ್ಚು ಅಂದೆನಲ್ಲ, ಅದರಲ್ಲೂ ಒಂದು ಶಿಸ್ತು ಇತ್ತು. ಅದೇ ನನ್ನ ಮಾಡೆಲ್ ವರ್ಷದ ಮಹಾಸಿದ್ಧಾಂತ! ಇಂಥ ಗಾಡಿ ಇಟ್ಟುಕೊಂಡವರು ಇಂಟರ್ನೆಟ್ಟಿನಲ್ಲಿ ತೋಡಿಕೊಂಡ ಗೋಳನ್ನೆಲ್ಲ ಕಣ್ಣು ಕೆಂಪಾಗುವವರೆಗೆ ಓದಿ ಕಂಡುಕೊಂಡದ್ದು. ಪರೀಕ್ಷೆಗೆ ಅಷ್ಟು ಓದಿದ್ದರೆ ಇಷ್ಟರಲ್ಲಿ ಹಾಸಿಗೆ ಕಂಪನಿಗೇ ಒಡೆಯನಾಗಿರುತ್ತಿದ್ದೆ.

"ಕೇಳಿ ಇಬ್ರೂ," ಎಂದೆ, ಮೇಜಿನ ಆ ತುದಿಯಲ್ಲಿ ಕೂತಿದ್ದ ಅಮ್ಮನಿಗೂ ಕೇಳಿಸುವಂತೆ. "ಯಾವ ಹೊಸ ಮಾಡೆಲ್ ಬಂದ್ರೂ ಮೊದಲನೇ ವರ್ಷದ್ದನ್ನ ಮುಟ್ಟಬಾರ್ದು. ಯಾಕೆ? ಮಾಡೋರೇ ಇನ್ನೂ ಕಲೀತಾ ಇರ್ತಾರೆ! ನಾನು ನೋಡಿರೋ ಈ ಗಾಡೀನೇ ತಗೊಳ್ಳಿ. ಮೊದಲನೇ ವರ್ಷದ್ದರಲ್ಲಿ ಗೇರ್‌ಬಾಕ್ಸ್ ಅಳುತ್ತೆ. ಎರಡನೇ ವರ್ಷ ಅದನ್ನ ಸರಿ ಮಾಡಿದ್ರು, ಮಳೆ ಬಂದ್ರೆ ಮೇಲಿಂದ ಸೋರೋಕೆ ಶುರುವಾಯ್ತು. ಮೂರನೇ ವರ್ಷ, ಆಹಾ! ಕೈ ಪಳಗಿತ್ತು, ತಪ್ಪೆಲ್ಲ ತಿದ್ದಿದ್ರು. ನಾಲ್ಕನೇ ವರ್ಷ ಸ್ಟೀರಿಂಗ್ ಪಕ್ಕ ಒಂದು ದೊಡ್ಡ ಟಚ್‌ಸ್ಕ್ರೀನ್ ತಂದು ಅಂಟಿಸಿ ಮತ್ತೆ ಕೆಡಿಸಿದ್ರು. ಮೂರನೇ ವರ್ಷದ್ದು ಮಾತ್ರ ಬಂಗಾರ!"

ಅಮ್ಮ ಚಮಚ ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಗಂಡುಮಕ್ಕಳನ್ನು ಸಾಕಿ ಸಾಕಿ ಗಟ್ಟಿಯಾದ ಜೀವ, ಯಾರ ಮಾತಿಗೂ ಸುಲಭಕ್ಕೆ ತಲೆಯಾಡಿಸುವವಳಲ್ಲ. ಅಂಥವಳು ಈಗ ತಲೆಯಾಡಿಸಿದಳು.

"ನಿಜ ಕಣೋ. ನೀನು ಹೇಳೋದು ನೂರಕ್ಕೆ ನೂರು ನಿಜ."

ಅಮ್ಮನ ಬೆಂಬಲ ಸಿಕ್ಕಿದ್ದೇ ತಡ, ನಾನು ಉಬ್ಬಿಹೋದೆ. ಹೆಂಡತಿ ಕೈ ತೊಳೆದುಕೊಂಡು ಬಂದು ತೀರ್ಪು ಕೊಟ್ಟಳು.

"ಆಯ್ತು, ತಗೊಳ್ಳಿ. ಆದ್ರೆ ಒಂದು ಷರತ್ತು. ಆ ಗಾಡಿ ಒಂದೇ ಒಂದು ಸಲ ಕೆಟ್ಟು ಟೋಯಿಂಗ್ ಲಾರಿ ಹತ್ತಿತೋ, ಅವತ್ತೇ ಮಾರಬೇಕು. ಆಮೇಲೆ ಗೋಗರೆಯೋ ಹಾಗಿಲ್ಲ."

"ಮೂರನೇ ವರ್ಷದ್ದು ಕಣೇ! ಟೋಯಿಂಗ್ ಲಾರಿಯವನಿಗೆ ಅದರ ಮುಖ ಪರಿಚಯ ಕೂಡ ಆಗಲ್ಲ!"

ಆ ಒಂದು ವರ್ಷದ ಗಾಡಿಗಾಗಿ ನಾನು ಅಲೆದಾಡದ ಬೀದಿಯಿಲ್ಲ. ಕೊನೆಗೆ ನಿವೃತ್ತರಾದ ಹಲ್ಲಿನ ಡಾಕ್ಟರೊಬ್ಬರ ಮನೆಯಲ್ಲಿ ಸಿಕ್ಕಿತು. ಕಡುಗೆಂಪು ಬಣ್ಣ! ನೋಡಿದ ಕೂಡಲೇ ಎದೆ ಢವಗುಟ್ಟಿತು. ಆದರೂ ಮೋಹಕ್ಕೆ ಮರುಳಾಗುವ ಪೈಕಿ ನಾನಲ್ಲ. ಬಾಗಿಲ ಚೌಕಟ್ಟಿನ ತಗಡಿನ ಮೇಲೆ ತಯಾರಾದ ವರ್ಷ ಓದಿದೆ. ಗಾಜಿನ ಮೂಲೆಯಲ್ಲಿ ಓದಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಅದರ ಬುಡದಲ್ಲಿದ್ದ ಚೀಟಿಯಲ್ಲೂ ಓದಿದೆ. ಎಲ್ಲ ಕಡೆಯೂ ಅದೇ ಮೂರನೇ ವರ್ಷ! ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ಮಲಗಿ ಗಾಡಿಯ ಹೊಟ್ಟೆಯನ್ನೂ ನೋಡಿದೆ. ಒಂದು ತೊಟ್ಟು ಎಣ್ಣೆ ಸೋರಿರಲಿಲ್ಲ.

"ಇಷ್ಟು ಒಳ್ಳೇ ಗಾಡಿ ಯಾಕೆ ಮಾರ್ತಿದೀರ ಡಾಕ್ಟ್ರೇ?"

"ಗಾಡೀಲಿ ಏನೂ ತೊಂದರೆ ಇಲ್ಲ."

"ಅದು ಸರಿ. ಮತ್ತೆ ಯಾಕೆ...?"

"ಗಾಡೀಲಿ ಏನೇನೂ ತೊಂದರೆ ಇಲ್ಲ," ಎಂದರು ಡಾಕ್ಟರು, 'ಗಾಡೀಲಿ' ಎಂಬುದನ್ನು ಒತ್ತಿ ಹೇಳುತ್ತ.

ಅಷ್ಟು ಹೊತ್ತೂ ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಬೇರೆ ದಿನವಾಗಿದ್ದರೆ ಅವರಿಗೊಂದು ಹಾಸಿಗೆ ಮಾರದೆ ಬಿಡುತ್ತಿರಲಿಲ್ಲ. ಅವತ್ತು ನನ್ನ ಕಣ್ಣಿಗೆ ಕೆಂಪು ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ. ನಾನೊಬ್ಬನೇ ಒಂದು ಸುತ್ತು ಓಡಿಸಿಕೊಂಡು ಬಂದೆ. ಸೀಟಿನಲ್ಲಿ ಇನ್ನೂ ಕೂತಿರುವಾಗಲೇ ಡಾಕ್ಟರು ಬಂದು "ಅಭಿನಂದನೆಗಳು!" ಎಂದು ನನ್ನ ಕೈ ಹಿಡಿದು ಕುಲುಕಿದರು. ಕುಲುಕಿದ ರೀತಿ ಹೇಗಿತ್ತೆಂದರೆ, ಗೊತ್ತಾಗುವಷ್ಟರಲ್ಲಿ ನಾನು ಎದ್ದು ಹೊರಗೆ ನಿಂತಿದ್ದೆ. ಎಂಥ ಸಂಸ್ಕಾರವಂತರು ಎಂದುಕೊಂಡೆ.

ಕಾಗದಪತ್ರವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಡಾಕ್ಟರ ಮನೆಯಿಂದ ಗಾಡಿ ತೆಗೆದುಕೊಂಡು ಸೀದಾ ಅಂಗಡಿಗೆ ಹೊರಟೆ. ಫೋನ್ ಮಾಡಿ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿದ್ದೆ. ನಮ್ಮ ಯಜಮಾನರು, ಅವರ ಪಕ್ಕ ಸದಾ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡಿರುವ ನನ್ನ ಸಹೋದ್ಯೋಗಿ ಟೇಪಣ್ಣ, ಹಿಂದೆ ನಾಲ್ಕಾರು ಗಿರಾಕಿಗಳು. ಸರ್ರನೆ ಬಂದು ಅಂಗಡಿಯ ಮುಂದೆಯೇ ನಿಲ್ಲಿಸಿದೆ. ಚಪ್ಪಾಳೆ ಬಿತ್ತು! ಬಾಗಿಲು ತೆರೆದೆ. ರಾಜಗಾಂಭೀರ್ಯದಿಂದ ಒಂದು ಕಾಲು ಹೊರಗಿಟ್ಟೆ. ಎದ್ದೆ.

ಎದ್ದೆ ಅಂದುಕೊಂಡೆ. ಬೆನ್ನಿನ ಬುಡದಲ್ಲಿ 'ಕಟಕ್' ಎಂದಿತು!

ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಂದು ಕಾಲು ರಸ್ತೆಯಲ್ಲಿ, ಉಳಿದದ್ದೆಲ್ಲ ಚರ್ಮದ ಸೀಟಿನಲ್ಲಿ. ಆ ಸೀಟು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಟೇಪಣ್ಣನ ಬೂಟಿನ ಲೇಸು ನನ್ನ ಕಣ್ಣಳತೆಯಲ್ಲೇ ಇತ್ತು.

"ಇಳೀರಿ ಸಾರ್!" ಎಂದ ಟೇಪಣ್ಣ.

"ಇರಪ್ಪ, ಹಾಡು ಮುಗೀಲಿ."

"ಇಂಜಿನ್ನೇ ಆಫ್ ಮಾಡಿದೀರ, ಯಾವ ಹಾಡು ಸಾರ್?"

"ಮನಸ್ಸಲ್ಲಿ ಬರ್ತಾ ಇದೆ."

ನಿಜ ಹೇಳಿಬಿಡಬಹುದಿತ್ತು. ಆದರೆ ಅವನ ತಲೆಯ ಮೇಲಿಂದ ಗಾಜಿನೊಳಗಿನ ನಾನು, ಆ ಆಳೆತ್ತರದ ನಾನು, ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿದ್ದೆ. ನೆಟ್ಟನೆಯ ಬೆನ್ನು! ಗಿರಾಕಿಗಳ ಎದುರು ಆ ಬೆನ್ನು ಕೈಕೊಟ್ಟಿದೆ ಎನ್ನುವುದು ಹೇಗೆ? ಹಾಡು ಮುಗಿಯಲಿಲ್ಲ. ಇನ್ನೊಂದು ಹಾಡು ಶುರುವಾಯಿತು ಎಂದೆ.

ಅಷ್ಟರಲ್ಲಿ ಹಿಂದಿನಿಂದ ಭೋಂಯ್ ಎಂದು ಹಾರನ್ನು! ಹಾಸಿಗೆ ತುಂಬಿಕೊಂಡು ಬಂದ ನಮ್ಮದೇ ಅಂಗಡಿಯ ಲಾರಿ. ಸರಕು ಇಳಿಸುವ ಜಾಗಕ್ಕೆ ನನ್ನ ಗಾಡಿ ಅಡ್ಡ. ಅದರ ಹಿಂದೆ ಮತ್ತಷ್ಟು ವಾಹನಗಳು, ಮತ್ತಷ್ಟು ಹಾರನ್ನು.

"ಸ್ವಲ್ಪ ಮುಂದಕ್ಕೆ ತಗೊಳ್ರೀ!" ಎಂದರು ಯಜಮಾನರು.

ತೆಗೆದುಕೊಳ್ಳುವುದು ಹೇಗೆ? ಬ್ರೇಕ್ ಒತ್ತುವ ಕಾಲು ಬೀದಿಪಾಲಾಗಿದೆ. ಆಗ ನನ್ನ ಬಾಯಿಂದ ಆ ಪಾಪದ ಮಾತು ಹೊರಬಿತ್ತು:

"ಸ್ಟಾರ್ಟ್ ಆಗ್ತಿಲ್ಲ ಸಾರ್. ಗಾಡಿ ಕೆಟ್ಟಿದೆ."

ಗಾಡಿಗೆ ಜೀವವಿದ್ದಿದ್ದರೆ ಆ ಕ್ಷಣವೇ ನನ್ನ ಕಪಾಳಕ್ಕೆ ಬಾರಿಸುತ್ತಿತ್ತು. ನಾಲ್ಕು ಜನ ತಳ್ಳಲು ಬಂದರು. ಹ್ಯಾಂಡ್‌ಬ್ರೇಕ್ ಎಳೆದುಕೊಂಡು ಕೂತಿದ್ದೆ. ಇಂಚೂ ಅಲುಗಲಿಲ್ಲ. ಟೇಪಣ್ಣ ಪರೋಪಕಾರಿ. ಪಕ್ಕಕ್ಕೆ ಹೋಗಿ ಯಾರಿಗೋ ಫೋನ್ ಮಾಡಿ ಹಲ್ಲು ಕಿರಿಯುತ್ತ ಬಂದ.

"ಏನೂ ಯೋಚ್ನೆ ಮಾಡ್ಬೇಡಿ ಸಾರ್. ಟೋಯಿಂಗ್ ಲಾರಿಗೆ ಹೇಳಿದೀನಿ. ಮೇಡಮ್‌ಗೂ ಹೇಳಿದೀನಿ."

ಟೋಯಿಂಗ್ ಲಾರಿ! ಮೇಡಂ! ಷರತ್ತು! ನನ್ನ ಬೆನ್ನಿನ ನೋವು ಎದೆಗೆ ಏರಿತು.

ಲಾರಿ ಬಂದೇಬಿಟ್ಟಿತು. ಅದರವನು ಗಾಡಿಗೆ ಕೊಕ್ಕೆ ಸಿಕ್ಕಿಸಿ "ಇಳೀರಿ ಸಾರ್" ಎಂದ.

"ಸ್ಟೀರಿಂಗ್ ಹಿಡೀಬೇಕಲ್ಲಪ್ಪ, ಇಲ್ಲೇ ಇರ್ತೀನಿ," ಎಂದೆ. ಹೊರಗಿದ್ದ ಕಾಲನ್ನು ಎರಡೂ ಕೈಯಿಂದ ಎತ್ತಿ, ಸಾಮಾನು ಒಳಗಿಟ್ಟ ಹಾಗೆ ಇಟ್ಟುಕೊಂಡು ಬಾಗಿಲು ಹಾಕಿದೆ. ಹಲ್ಲು ಕಚ್ಚಿ ಹ್ಯಾಂಡ್‌ಬ್ರೇಕ್ ಇಳಿಸಿದೆ. ಗಾಡಿ ಇಳಿಜಾರು ಹಲಗೆಯ ಮೇಲೆ ತೆವಳುತ್ತ ತೆವಳುತ್ತ ಲಾರಿಯೇರಿತು, ನನ್ನ ಸಮೇತ. ಬೀದಿಯ ಅಷ್ಟೂ ಜನಕ್ಕೂ ನಾನೀಗ ಚೆನ್ನಾಗಿ ಕಾಣಿಸುತ್ತಿದ್ದೆ. ಇಬ್ಬರು ಫೋಟೋ ತೆಗೆದರು. ಒಬ್ಬಾಕೆ ಕೈ ಬೀಸಿದಳು. ಸೌಜನ್ಯಕ್ಕೆ ನಾನೂ ಬೀಸಿದೆ.

ಲಾರಿ ಹೊರಡಬೇಕು, ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಬಂದು ಅಡ್ಡ ನಿಂತಿತು. ಹೆಂಡತಿ ಇಳಿದಳು. ಲಾರಿ ನೋಡಿದಳು, ಗಾಡಿ ನೋಡಿದಳು, ಗಾಡಿಯೊಳಗಿನ ನನ್ನ ಮುಖ ನೋಡಿದಳು.

"ಕೆಟ್ಟಿದ್ಯಾ?"

"ಹೂಂ... ಸ್ವಲ್ಪ."

"ಟೋಯಿಂಗ್ ಲಾರಿ ಹತ್ತಿದೆ."

"ಕಾಣ್ತಾ ಇದೆ."

"ಸರಿ ಹಾಗಾದ್ರೆ, ಮಾತು ಮಾತೇ. ಇವತ್ತೇ ಮಾರೋಣ."

"ಮಾರೋದಾದ್ರೆ ನಾನೇ ತಗೋತೀನಮ್ಮ!" ಎಂದರು ಯಜಮಾನರು ಮುಂದೆ ಬಂದು. "ಕೆಟ್ಟ ಗಾಡಿ ಅಲ್ವಾ, ಹೇಗಿದ್ರೂ ಕಮ್ಮಿಗೇ ಕೊಡ್ತೀರ."

ಅವರ ಕಣ್ಣಲ್ಲಿ ಅದೇ ಕೆಂಪು ಬಣ್ಣ ಹೊಳೆಯುತ್ತಿತ್ತು! ಎಷ್ಟು ಬೀದಿ ಅಲೆದಿದ್ದೆ, ಎಷ್ಟು ಜನರ ಗೋಳು ಓದಿದ್ದೆ, ನನ್ನ ಮೂರನೇ ವರ್ಷದ ಬಂಗಾರ ಕಣ್ಣೆದುರಿಗೇ ಕೈ ಬಿಟ್ಟು ಹೋಗುತ್ತಿದೆ. ಅದೂ ಮಾಡದ ತಪ್ಪಿಗೆ! ಗಾಜಿನೊಳಗಿನ ನೆಟ್ಟನೆಯ ನನ್ನನ್ನು ಕೊನೇ ಸಲ ನೋಡಿ, ಕಣ್ಣು ಮುಚ್ಚಿ ಕಿರುಚಿದೆ.

"ಗಾಡಿ ಕೆಟ್ಟಿಲ್ಲ! ಕೆಟ್ಟಿರೋದು ನಾನು! ಬೆನ್ನು ಹಿಡ್ಕೊಂಡಿದೆ, ಏಳೋಕಾಗ್ತಿಲ್ಲ! ಟೋಯಿಂಗ್ ಲಾರಿ ಬಂದಿರೋದು ನನಗೆ! ಗಾಡಿ ಸುಮ್ನೆ ನನ್ನ ಜೊತೆಗೆ ಬಂದಿದೆ!"

ಹಾರನ್ನುಗಳೆಲ್ಲ ನಿಂತವು. ಹೆಂಡತಿ ಲಾರಿ ಹತ್ತಿ, ಕಿಟಕಿಯಿಂದ ಕೈ ತೂರಿಸಿ ಕೀಲಿ ತಿರುಗಿಸಿದಳು. ಗಾಡಿ ಹುಲಿಯ ಹಾಗೆ ಗುರ್ರೆಂದಿತು.

"ಕೆಟ್ಟ ಗಾಡಿಯಿಂದ ಇಳಿಯದೇ ಇರೋ ಗಂಡಸನ್ನ ನಾನು ಇನ್ನೂ ನೋಡಿಲ್ಲ ರೀ," ಎಂದಳು ನಗುತ್ತ. "ಕೆಟ್ಟ ಕೂಡ್ಲೇ ಎಲ್ರೂ ಇಳಿದು ಬಾನೆಟ್ ಎತ್ತಿ, ಏನೂ ಗೊತ್ತಿಲ್ದೇ ಇದ್ರೂ ಒಳಗೆ ಇಣುಕ್ತಾರೆ. ನೀವು ಕೂತೇ ಇದ್ರಿ. ಆಗ್ಲೇ ನಂಗೆ ಅರ್ಥವಾಯ್ತು."

"ಮತ್ಯಾಕೆ ಮಾರೋಣ ಅಂದೆ?"

"ನಿಮ್ಮ ಬಾಯಿಂದ ನಿಜ ಬರೋಕೆ ಬೇರೆ ದಾರಿ ಇತ್ತಾ?"

ಗಾಡಿಯನ್ನು ಕೆಳಗಿಳಿಸಿದರು. ನನ್ನನ್ನು ಇಳಿಸುವ ಉಪಾಯ ಟೇಪಣ್ಣನಿಗೆ ಹೊಳೆಯಿತು. ಅಂಗಡಿಯ ಅತ್ಯುತ್ತಮ ಹಾಸಿಗೆಯನ್ನು ತಂದು ಬಾಗಿಲ ಪಕ್ಕದಲ್ಲೇ ಹಾಸಿದ. ಇವಳು ಒಳಗಿಂದ ತಳ್ಳಿದಳು, ಅವನು ಹೊರಗಿಂದ ಉರುಳಿಸಿದ. ನಾನು ದೊಪ್ಪನೆ ಬಂದು ಬಿದ್ದೆ. ಸುತ್ತ ನೆರೆದವರಿಗೆ ಯಜಮಾನರು ಕೂಗಿ ಹೇಳುತ್ತಿದ್ದರು: "ನೋಡಿ, ಇಷ್ಟು ಭಾರ ಬಿದ್ರೂ ಹಾಸಿಗೆ ಒಂಚೂರು ತಗ್ಗಿಲ್ಲ!" ಅವತ್ತು ಆ ಹಾಸಿಗೆಗೆ ಆದಷ್ಟು ವ್ಯಾಪಾರ ನನ್ನ ಭಾಷಣಗಳಿಂದ ಯಾವತ್ತೂ ಆಗಿರಲಿಲ್ಲ.

ನಾನು ಮನೆಗೆ ಬಂದದ್ದು ಹಾಸಿಗೆ ಲಾರಿಯಲ್ಲಿ, ಹಾಸಿಗೆಯ ಮೇಲೆ, ಆಕಾಶ ನೋಡುತ್ತ. ಮುಂದೆ ನನ್ನ ಕೆಂಪು ಗಾಡಿ ಹೋಗುತ್ತಿತ್ತು. ಓಡಿಸುತ್ತಿದ್ದವಳು ಇವಳು. ಪ್ರತಿ ತಿರುವಿನಲ್ಲೂ ಆ ಇಂಜಿನ್ನಿನ ಸದ್ದು ಕೇಳಿ ನನ್ನ ಕರುಳು ಕಿತ್ತು ಬಂದ ಹಾಗಾಗುತ್ತಿತ್ತು.

ಟೇಪಣ್ಣನೂ ಲಾರಿಯವನೂ ನನ್ನನ್ನು ಹಾಸಿಗೆ ಸಮೇತ ಹೊತ್ತು ತಂದು ನಡುಮನೆಯಲ್ಲಿ ಇಳಿಸಿದರು. ಹೆಂಡತಿ ಬೆರಳಲ್ಲಿ ಕೀಲಿ ತಿರುಗಿಸುತ್ತ ಒಳಗೆ ಬಂದಳು. ಮುಖ ಅರಳಿತ್ತು.

"ಅತ್ತೆ, ಇವರು ಹೇಳಿದ್ದು ಸುಳ್ಳಲ್ಲ. ಗಾಡಿ ಬಂಗಾರ! ಒಂದು ದೋಷ ಇಲ್ಲ. ಇನ್ಮೇಲೆ ನಾನೇ ಓಡಿಸ್ತೀನಿ. ಇವರ ಬೆನ್ನೇ ಹೀಗೆ ಕೈಕೊಟ್ಟಿದೆ."

ಅಮ್ಮ ನನ್ನ ಪಕ್ಕ ಬಂದು ಕೂತಳು. ತಲೆ ನೇವರಿಸಿದಳು. ಸದ್ಯ, ಹೆತ್ತ ಕರುಳಾದರೂ ಮರುಗಿತಲ್ಲ ಎಂದು ನನ್ನ ಕಣ್ಣು ತುಂಬಿತು.

"ಏನು ಮಾಡೋದಮ್ಮ," ಎಂದು ಸೊಸೆಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು. "ನಮ್ಮ ಮೂರನೆಯವನನ್ನ ನೋಡು, ಇವತ್ತಿಗೂ ಒಂದು ನೆಗಡಿ ಇಲ್ಲ, ಸೈಕಲ್ ತುಳ್ಕೊಂಡು ಊರೆಲ್ಲ ಸುತ್ತುತಾನೆ. ಇವನು ಮೊದಲನೆಯವನು. ಆಗ ನಾವಿನ್ನೂ ಕಲೀತಾ ಇದ್ವಿ!"